ನಂಜಮ್ಮನಿಗೊಂದು ಎಮ್ಮೆ

ನನಗೆ ಗಣಿತ ಕಲಿಸಿದ ಮಾಸ್ತರರಿಗೆ ಗಣಿತದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಶನಿವಾರ ಮುಂಜಾನೆಯ ಶಾಲೆ ಬಿಡುವ ಮುಂಚಿನ ತಾಸಿನಲ್ಲಿ ಬೋರ್ಡು ಒರೆಸಿ, ಖುರ್ಚಿಯನ್ನು ಬಾಗಿಲ ಕಡೆ ಎಳೆದುಕೊಂಡು, ಮರಾಠಿಯಲ್ಲಿ ಓದಿದ ಕತೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಜೈಲಿನೊಳಗೆ ಕುಳಿತು ಬರೆದ ‘ಶ್ಯಾಮಚಿ ಆಯಿ’ ನನ್ನ ಕಿವಿಗೆ ಬಿದ್ದದ್ದು ಹಾಗೆ. ಶ್ಯಾಮ ಎಂಬ ಹುಡುಗ ಜಳಕ ಮಾಡಿ ಕಲ್ಲಿನ ಮೇಲೆ ನಿಂತಿದ್ದಾನೆ. ಒದ್ದೆ ಅಂಗಾಲಿಗೆ ಮಣ್ಣು ಹತ್ತುತ್ತದೆ, ಸೆರಗು ಹಾಸು ಎಂದು ತಾಯಿಯ ಹತ್ತಿರ ಹಟ ಹಿಡಿಯುತ್ತಾನೆ. ಆಕೆ ಹಾಸುತ್ತಾಳೆ. ಹಾಸಿ, ಕಾಲನ್ನು ಜೋಪಾನ ಮಾಡಿದ ಹಾಗೆ ಮನಸ್ಸನ್ನೂ ಹೊಲಸಾಗದಂತೆ ನೋಡಿಕೋ ಎಂದು ಬುದ್ಧಿ ಹೇಳುತ್ತಾಳೆ. ಮಾಸ್ತರರ ಕಣ್ಣು ಒದ್ದೆಯಾದವು. ನನ್ನವೂ ಆದವು.

ಮರುದಿನ ರವಿವಾರ. ಹಿತ್ತಲ ಬಚ್ಚಲಗಲ್ಲಿನ ಮೇಲೆ ಜಳಕ ಮುಗಿಸಿ, ಅಲ್ಲೇ ನಿಂತು, “ಎವ್ವಾ, ಸೆರಗ ಹಾಸು” ಎಂದೆ. ಅವ್ವ ಹೆಂಡಿಕಸ ಮಾಡುತ್ತಿದ್ದಳು. ಎರಡೂ ಕೈ ಮೊಣಕೈತನಕ ಹೆಂಡಿ.

“ಯಾಕ, ಕಾಲಿಗೆ ಏನಾಗೇತಿ?”

“ಮಣ್ಣ ಹತ್ತತೈತಿ.”

“ಹಂಗಾರ ಅಲ್ಲೇ ನಿಂದರು. ಕಾಲ ಒಣಗಿದ ಮ್ಯಾಲೆ ಬಾ.”

ನಿಂತೆ. ಬಿಸಿಲು ಏರಿತು. ಹಸಿವೂ ಏರಿತು. ಒಳಗೆ ಅಪ್ಪ ಉಂಡು ಕೈ ತೊಳೆದ ಸಪ್ಪಳ ಕೇಳಿಸಿತು. ಅವ್ವ ಎರಡು ಸಲ ನನ್ನ ಮಗ್ಗಲಿಂದಲೇ ಬುಟ್ಟಿ ಹೊತ್ತು ತಿಪ್ಪೆಗೆ ಹೋಗಿ ಬಂದಳು. ನಾನು ಅಲ್ಲಿರುವುದು ಆಕೆಗೆ ಕಂಡ ಹಾಗೆಯೇ ಇರಲಿಲ್ಲ.

ನಮ್ಮದು ದೇಗಾಂವ. ಕಿತ್ತೂರಿನ ಮಗ್ಗಲ ಊರು. ಹೊರಗಿನವರು ನಮ್ಮೂರಿಗೆ ಬರುವುದು ಕಮಲನಾರಾಯಣನ ಗುಡಿ ನೋಡುವುದಕ್ಕೆ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ, ಕಡೆದವನು ತಿಪ್ಪೋಜ. ಅಲ್ಲಿ ಲಕ್ಷ್ಮಿ ನಾರಾಯಣನ ತೊಡೆಯ ಮೇಲೆ ಕೂತಿದ್ದಾಳೆ. ಹಬ್ಬಕ್ಕೆ ಹೋದಾಗಲೆಲ್ಲ ಅವ್ವ ಕೈಮುಗಿದು ಒಂದು ಗಳಿಗೆ ಆಕೆಯನ್ನೇ ನೋಡುತ್ತಿದ್ದಳು. ಭಕ್ತಿ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಹೇಳಿದಳು: “ಹಡದಂಗ ಕಾಣಂಗಿಲ್ಲ. ಹಡದಿದ್ರ ಹಿಂಗ ಆರಾಮ ಕುಂದರತಿದ್ದಳೇನ?”

ಆ ಗುಡಿಯ ಕಟ್ಟೆಯ ಮೇಲೆಯೇ ನಾನು ಕಾದಂಬರಿ ಓದಲು ಕಲಿತದ್ದು. ಕಿತ್ತೂರಿನಿಂದ ಕೈಚೀಲದಲ್ಲಿ ತಂದ ಪುಸ್ತಕಗಳು. ಹಿಂದಿನವರು ಓದುವಾಗ ತಿಂದ ಚುರಮುರಿಯ ಎಣ್ಣೆಯ ಗುರುತು ಪುಟಪುಟಕ್ಕೂ. ನಮ್ಮ ಕಡೆ ಆಗ ಮನೆಮನೆಗೂ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂದು ಸಿನಿಮಾ ಆಗಿತ್ತು. ‘ಕುಲವಧು’ ಕೂಡ ಆಯಿತು. ಹೆಸರಿನಲ್ಲೇ ಆರತಿ ಬೆಳಗಿಟ್ಟ ಕಾದಂಬರಿಗಳು ಅವು. ಅವುಗಳಲ್ಲಿ ಮನೆ ನಿಲ್ಲುತ್ತಿದ್ದದ್ದು ಹೆಣ್ಣುಮಕ್ಕಳ ತಾಳ್ಮೆಯ ಮೇಲೆ. ಅಲ್ಲಿಂದ ಮುಂದೆ ನಾನು ಓದಿದ ಸುಮಾರು ಕಾದಂಬರಿಗಳ ತಾಯಿ ಒಂದೇ ಅಚ್ಚಿನವಳು. ಸಣಕಲು ದೇಹ, ಸಣ್ಣ ಕೆಮ್ಮು, ಜ್ವರದ ಅಮಲಿನಲ್ಲೂ ತಪ್ಪಿಲ್ಲದ ಗ್ರಾಂಥಿಕ ಕನ್ನಡ. ಮಗನಿಗೆ ಮೊದಲ ಪಗಾರ ಬಂದ ದಿನವೇ ಸಾಯುತ್ತಾಳೆ. ಹಿಂದಿನ ದಿನ ಸತ್ತರೆ ಕತೆಗೆ ಸಾಲದು, ಮರುದಿನ ಸತ್ತರೆ ಸೀರೆ ತರಬೇಕಾಗುತ್ತದೆ.

ನನಗೆ ಅಂಥವಳೊಬ್ಬಳು ಬೇಕಾಗಿತ್ತು. ಸಿಕ್ಕದ್ದು ಎಮ್ಮೆ ಕಟ್ಟಿದವಳು, ಊರ ಕರೆಮ್ಮೆಗಳ ವಂಶಾವಳಿ ಬಾಯಿಪಾಠ ಬಲ್ಲವಳು, ಬೆಣ್ಣೆ ಮಾರಿದ ರೊಕ್ಕವನ್ನು ಅಡಕಲಗಡಿಗೆಯೊಳಗೆ ಮುಚ್ಚಿಟ್ಟು ಅಪ್ಪನಿಗೆ ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದವಳು. ಬಡ್ಡಿ ಇರುತ್ತಿರಲಿಲ್ಲ ನಿಜ. ಆದರೆ ಆ ಸಾಲದ ಮಾತು ವರ್ಷಗಟ್ಟಲೆ ಇರುತ್ತಿತ್ತು.

ನಾಟಕದ ತಾಯಂದಿರ ವಿಷಯದಲ್ಲಿ ನಮ್ಮ ಸೀಮೆಗೆ ಬೇರೆಯೇ ಅನುಭವ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಹುಡುಗರಾಗಿದ್ದಾಗ ಹೆಣ್ಣುಪಾತ್ರ ಮಾಡಿದವರು. ಆಮೇಲೆ ಬಸವಣ್ಣನ ಪಾತ್ರಕ್ಕೆ ಜನ ಕಾಲಿಗೆ ಬೀಳುತ್ತಿದ್ದರು. ಅಂಥ ಕಂಪನಿಗಳನ್ನು ನೋಡಿ ಬಂದ ನಮ್ಮೂರ ಹುಡುಗರು ಜಾತ್ರೆಗೊಂದು ನಾಟಕ ಆಡಿದಾಗ ನಾಯಕಿಗೆ ಮಾತ್ರ ಹೊರಗಿನಿಂದ ಹೆಣ್ಣುಮಗಳನ್ನು ಕರೆಸುತ್ತಿದ್ದರು. ತಾಯಿಯ ಪಾರ್ಟಿಗೆ ರೊಕ್ಕ ಖರ್ಚು ಮಾಡುವವರು ಯಾರು? ಅದು ಊರ ಬಡಿಗನಿಗೆ. ದೊಡ್ಡ ದನಿಯ ಮನುಷ್ಯ. ಹೆಗಲು ಒಂದೂವರೆ ಗಜ. ಮಗನ ತೊಡೆಯ ಮೇಲೆ ತಲೆಯಿಟ್ಟು ಎಂಥ ಪರಿ ಸತ್ತನೆಂದರೆ, ಜನ ಸೀಟಿ ಹೊಡೆದು “ಒನ್ಸ್ ಮೋರ್” ಎಂದು ಕೂಗಿದರು. ಎದ್ದು, ಸೆರಗು ಸರಿ ಮಾಡಿಕೊಂಡು, ಮತ್ತೊಮ್ಮೆ ಸತ್ತ. ಎರಡನೆಯ ಸಲ ಹಾಡು ಬೇರೆ ಹೇಳಿದ. ಹೆಂಗಸರೆಲ್ಲ ಬಿಕ್ಕುತ್ತಿದ್ದರು. ಅವ್ವ ಮಾತ್ರ ಶೇಂಗಾ ಸುಲಿಯುತ್ತಾ, “ಇಷ್ಟ ಗಟ್ಟಿ ಇದ್ದಾಕಿ ಯಾಕ ಸತ್ತಳೋ” ಎಂದಳು.

ಸಿನಿಮಾದ ತಾಯಿಯೂ ಆಕೆಗೆ ಅಷ್ಟಕ್ಕಷ್ಟೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರರ ಹೆಂಡತಿಯಾಗಿದ್ದ ಪಂಢರಿಬಾಯಿ ಮುಂದೆ ಅವರಿಗೇ ತಾಯಿಯಾಗಿ ಬಂದಾಗ ಊರೆಲ್ಲ ಒಪ್ಪಿಕೊಂಡರೂ ಅವ್ವ ತಕರಾರು ತೆಗೆದಳು. ‘ಮದರ್ ಇಂಡಿಯಾ’ದ ಮಾತನ್ನು ನಾನೇ ಹೇಳಿದೆ: ತಾಯಿಯಾದ ನರ್ಗಿಸ್, ಮಗನಾದ ಸುನೀಲ ದತ್ತ, ಇಬ್ಬರೂ 1929ರಲ್ಲಿ ಹುಟ್ಟಿದವರು, ಸಿನಿಮಾ ಬಂದ ಮರುವರ್ಷ ಲಗ್ನ ಆದರು. “ಅಲ್ಲಿಗೆ ಆಕೀಗೆ ಛಲೋ ಆತು” ಎಂದಳು. “ಮಗಾ ಆಗಿ ಉಳಿದಿದ್ರ ಇನ್ನೊಬ್ಬಾಕಿನ್ನ ತರತಿದ್ದ.”

ಓದಿ ಹೇಳುವ ಪದ್ಧತಿ ಶುರುವಾದದ್ದು ನಾನು ಕಾಲೇಜಿಗೆ ಹೋಗುವ ಕಾಲಕ್ಕೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ನಾನು ಕಂದೀಲು ಹತ್ತಿರ ಎಳೆದುಕೊಂಡು ಓದುತ್ತಿದ್ದೆ. ಮನೆಯಲ್ಲಿ ಕರೆಂಟು ಇತ್ತು, ಸಂಜೆಗೆ ಇರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಕೇಳಿಸುವುದಿಲ್ಲ, ಆದ್ದರಿಂದ ಓದಿಗೂ ಒಂದು ತಾಳ ಇತ್ತು. ಹಿಟ್ಟು ನಾದುವಾಗ ನಿಸರ್ಗವರ್ಣನೆ ಮುಗಿಸಬೇಕು. ಬಡಿಯುವಾಗ ಸುಮ್ಮನಿರಬೇಕು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಅರಿವೆಯ ಉಂಡೆಯಿಂದ ಒತ್ತಿ ಉಬ್ಬಿಸುವ ತನಕ ಸಂಭಾಷಣೆ. ಕಾದಂಬರಿಕಾರರು ಯಾವ ತಾಳಕ್ಕೆ ಬರೆದಿದ್ದರೋ, ನಮ್ಮ ಮನೆಯಲ್ಲಿ ಎಲ್ಲವೂ ರೊಟ್ಟಿಯ ತಾಳಕ್ಕೆ.

ಹಾಗೆ ಬಂದವಳು ‘ಗೃಹಭಂಗ’ದ ನಂಜಮ್ಮ. ಎಸ್.ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ಕಾದಂಬರಿ. ಗಂಡ ಚೆನ್ನಿಗರಾಯನದು ಹೆಸರಿಗಷ್ಟೇ ಶಾನುಭೋಗಿಕೆ. ಲೆಕ್ಕ ಬರೆಯುವವಳು ನಂಜಮ್ಮ, ಮುತ್ತುಗದ ಎಲೆ ಹಚ್ಚಿ ಮಾರುವವಳು ನಂಜಮ್ಮ, ಮಕ್ಕಳ ಹೊಟ್ಟೆ ತುಂಬಿಸುವವಳೂ ಆಕೆಯೇ. ಅವ್ವನಿಗೆ ಗ್ರಾಂಥಿಕ ಕಣ್ಣೀರಿನ ತಾಯಂದಿರ ಬಗ್ಗೆ ಇದ್ದ ದೊಡ್ಡ ತಕರಾರು ಅಂದರೆ, ಅವರು ಎಲ್ಲರಿಗೂ ಬಡಿಸುತ್ತಾರೆ, ತಾವು ಉಂಡರೋ ಇಲ್ಲವೋ ಬರೆದವನು ಹೇಳುವುದೇ ಇಲ್ಲ. “ಆಕಿ ಉಂಡಳೇನ?” ಎಂದು ಓದಿನ ನಡುವೆ ಕೇಳುತ್ತಿದ್ದಳು. ನಾನು ಹಿಂದಿನ ಪುಟ ಮುಂದಿನ ಪುಟ ತಿರುವಿ, ಇಲ್ಲವೆಂದು ತಲೆಯಾಡಿಸುತ್ತಿದ್ದೆ. ‘ಗೃಹಭಂಗ’ದಲ್ಲಿ ಹಾಗಲ್ಲ. ಯಾರು ಉಂಡರು, ಎಷ್ಟು ಉಂಡರು, ಯಾರಿಗೆ ಉಳಿಯಲಿಲ್ಲ, ಎಲ್ಲ ಬರೆದಿದೆ. “ಈ ಮನಶ್ಯಾ ಅಡಗಿಮನ್ಯಾಗ ಕುಂತ ಬರದಾನ” ಎಂದು ಭೈರಪ್ಪನವರಿಗೆ ಸರ್ಟಿಫಿಕೇಟು ಸಿಕ್ಕಿತು.

ಆಮೇಲೆ, ಪುಸ್ತಕ ಇನ್ನೂ ಅರ್ಧ ಸೈತ ಆಗಿರಲಿಲ್ಲ, ರೊಟ್ಟಿಯ ಕೊಣಮಿಗೆಗೆ ಕೈ ಹಾಕಿದವಳು ಹಾಗೇ ತಡೆದು ಕೂತು ಹೇಳಿದಳು: “ಈಕೀಗೆ ಒಂದ ಎಮ್ಮಿ ಬೇಕು.”

“ಎಮ್ಮಿ?”

“ಹೂಂ. ಎಲಿ ಹಚ್ಚಿ ಎಷ್ಟ ಬಂದೀತು? ಒಂದ ಎಮ್ಮಿ ಇದ್ರ ಮಕ್ಕಳಿಗೆ ಮಜ್ಜಿಗಿ, ಸಂತಿಗೆ ಬೆಣ್ಣಿ. ಆ ತಿನಬುರಕ ಗಂಡ ಇರ್ತಾನ ಅಂದ್ರ ಹಾಲ ಕರದ ಕೂಡ್ಲೆ ಹೆಪ್ಪ ಹಾಕಿ ಬಿಡಬೇಕು.”

ಆ ಯೋಜನೆ ಅಲ್ಲಿಗೇ ನಿಲ್ಲಲಿಲ್ಲ. ಎಂಥ ಎಮ್ಮೆ, ಎಷ್ಟನೆಯ ಸೂಲಿನದು, ತಿಪಟೂರು ಕಡೆ ಮೇವಿನ ಧಾರಣೆ ಏನು, ನನಗೆ ಪ್ರಶ್ನೆಗಳು ಬಂದವು. ಕಾದಂಬರಿ ಎಂದರೆ ಮುಗಿದುಹೋದ ಕತೆ, ಅದರೊಳಗೆ ಎಮ್ಮೆ ಕಟ್ಟುವುದಕ್ಕೆ ಬರುವುದಿಲ್ಲ ಎಂದು ಹೇಳಿ ನೋಡಿದೆ. “ಮುಗದಿದ್ರ ನೀ ಯಾಕ ಓದಾಕತ್ತೀ?” ಎಂದಳು. ವಿಮರ್ಶೆಯ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಇವತ್ತಿಗೂ ನಾನು ಉತ್ತರ ಕಂಡಿಲ್ಲ.

ನಂಜಮ್ಮನ ಅತ್ತೆ ಗಂಗಮ್ಮ ಬಂದಳೆಂದರೆ ಮಾತ್ರ ಅವ್ವ ಹಂಚಿನಿಂದ ರೊಟ್ಟಿ ಇಳಿಸಿ, ಬೆನ್ನು ಗೋಡೆಗೆ ಹಚ್ಚಿ ಕೂತು ಕೇಳುತ್ತಿದ್ದಳು. ಹೊತ್ತಿಲ್ಲ ಗೊತ್ತಿಲ್ಲ ಬೈಯುವ ಆ ತಾಯಿ ಆಕೆಗೆ ಪಂಚಪ್ರಾಣ. ಗಂಗಮ್ಮ ಇಬ್ಬರು ಮಕ್ಕಳನ್ನು ಹೆತ್ತು, ಬೈದು, ಕೆಡಿಸಿ ಇಟ್ಟವಳು. ಕನ್ನಡದಲ್ಲಿ ಅಷ್ಟು ಜೀವಂತವಾದ ಕೆಟ್ಟ ತಾಯಿ ಮತ್ತೊಬ್ಬಳಿಲ್ಲ ಎಂಬುದು ನನ್ನ ಅಭಿಪ್ರಾಯವೂ ಹೌದು. “ಆಕಡಿ ಮಂದಿ ಬೈಗಳ ಭಾಳ ಸಣ್ಣೂ” ಎಂದು ಅವ್ವ ಒಂದೇ ಕೊರತೆ ಹೇಳಿದಳು. ನಮ್ಮ ಕಡೆಯ ಬೈಗುಳಕ್ಕೆ ಮೂರು ತಲೆಮಾರಾದರೂ ಬರಬೇಕು. ಆ ವರ್ಷ ಸಂತೆಯಿಂದ ತಂದ ಎಮ್ಮೆ ಹಿಂಡುವಾಗ ಒದೆಯುತ್ತಿತ್ತು. ಅದಕ್ಕೆ ಗಂಗವ್ವ ಎಂದು ಹೆಸರಾಯಿತು. ಓಣಿಯಲ್ಲಿ ಅದೇ ಹೆಸರಿನ ಹಿರಿಯಳೊಬ್ಬಳು ಇದ್ದಳೆಂಬುದು ಆಮೇಲೆ ನೆನಪಾಯಿತು. ದಿನಾ ಮುಂಜಾನೆ “ಗಂಗವ್ವಾ, ಕಾಲ ಎತ್ತಿದಿ ಅಂದ್ರ ಮುರದೇನು” ಎಂಬ ಮಾತು ಗೋಡೆ ದಾಟಿ ಹೋಗುತ್ತಿತ್ತು. ನಮ್ಮ ಮನೆಗೂ ಅವರ ಮನೆಗೂ ಒಂದು ಉಗಾದಿಯಿಂದ ಇನ್ನೊಂದು ಉಗಾದಿಯ ತನಕ ಮಾತು ಬಂದ್. ಭೈರಪ್ಪನವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಪ್ಲೇಗು ಬಂತು. ಪಾರ್ವತಿ ಹೋದಳು, ರಾಮಣ್ಣ ಹೋದ. ನಾನು ಓದುತ್ತಲೇ ಇದ್ದೆ, ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಿ ವಾಸನೆ ಬಂತು. ಅವ್ವನ ಕೈಯ ರೊಟ್ಟಿ ಹೊತ್ತಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಬರಿಗೈಯಿಂದ ಅದನ್ನು ತೆಗೆದು ಒಲೆಯ ಮಗ್ಗಲಿಗೆ ಇಟ್ಟಳು. “ಇದನ್ನ ಬರದಾಂವಗ ತಾಯಿ ಇದ್ದಳೇನ?” ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದು. ನನಗೆ ಉತ್ತರ ಗೊತ್ತಿರಲಿಲ್ಲ. 1996ರಲ್ಲಿ ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಬಂದಾಗ ಓದಿ ಗೊತ್ತಾಯಿತು: ಅವರ ಅಕ್ಕ, ಅಣ್ಣ ಪ್ಲೇಗಿಗೆ ಹೋದದ್ದು, ಆಮೇಲೆ ತಾಯಿ ಗೌರಮ್ಮ ಕೂಡ ಅದೇ ರೋಗಕ್ಕೆ ಹೋದದ್ದು, ಆಗ ಅವರು ಇನ್ನೂ ಹುಡುಗ. ಅವ್ವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ನಾ ಅಂದದ್ದ ತಪ್ಪ ಆತು” ಎಂದಳು. ಅಷ್ಟು ವರ್ಷದ ಹಿಂದೆ ತಾನು ಆಡಿದ ಮಾತು ಆಕೆಗೆ ನೆನಪಿತ್ತು.

ತ್ರಿವೇಣಿಯವರ ‘ಶರಪಂಜರ’ ಒಂದೇ ಪುಸ್ತಕ ನಮ್ಮ ಮನೆಯಲ್ಲಿ ತಮಾಷೆಯಿಲ್ಲದೆ ಓದಿಸಿಕೊಂಡದ್ದು. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರು ಆಕೆಯನ್ನು ಗುಣವಾದವಳಂತೆ ನೋಡುವುದಿಲ್ಲ. “ಬಾಣಂತಿ ಸನ್ನಿ” ಎಂದಳು ಅವ್ವ, ಮೊದಲನೆಯ ಪುಟಗಳಲ್ಲೇ, ಡಾಕ್ಟರರಿಗಿಂತ ಮುಂಚೆ. ತನ್ನ ತವರಿನಲ್ಲಿ ಇಂಥವಳೊಬ್ಬಳಿಗೆ ಮೈಯಲ್ಲಿ ಗಾಳಿ ಸೇರಿದ್ದೆಂದು ಬೇವಿನ ಟೊಂಗೆಯಿಂದ ಹೊಡೆದದ್ದನ್ನು ಹೇಳಿದಳು. ಆ ಹುಡುಗಿ ಏನಾದಳೆಂದು ನಾನು ಕೇಳಿದ್ದಕ್ಕೆ ಮಾತು ಹಾರಿಸಿದಳು. ತ್ರಿವೇಣಿಯವರೇ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು ಎಂದೆ. ಓದು ಮುಗಿದ ರಾತ್ರಿ ಒಲೆ ಸಾರಿಸುತ್ತಾ ತನ್ನಷ್ಟಕ್ಕೆ ಅಂದುಕೊಂಡಳು: “ಈಕೀಗೆ ಎಮ್ಮಿ ಸಾಕಾಗಂಗಿಲ್ಲ.”

ಬಿ.ಎ.ಗೆ ನಮಗೆ ಇಂಗ್ಲಿಷಿನ ಜೇನ್ ಆಸ್ಟೆನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಇತ್ತು. ಐದು ಹೆಣ್ಣುಮಕ್ಕಳ ತಾಯಿ ಮಿಸೆಸ್ ಬೆನೆಟ್ ಬಂದಾಗಲೆಲ್ಲ ಪಾಠ ಹೇಳುವವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಪರೀಕ್ಷೆಯಲ್ಲಿ ಆಕೆಯನ್ನು ದಡ್ಡಿ ಎಂದು ಬರೆದರೆ ಮಾರ್ಕು ಗ್ಯಾರಂಟಿ. ಮನೆಯಲ್ಲಿ ಆ ಕತೆ ಹೇಳಿ ನಗಿಸಲು ನೋಡಿದೆ. ಅವ್ವ ನಗಲಿಲ್ಲ. ಆಸ್ತಿ ಯಾರಿಗೆ ಹೋಗುತ್ತದೆ ಎಂದು ಕೇಳಿದಳು. ಗಂಡುಮಗ ಇಲ್ಲದ್ದರಿಂದ, ಬೆನೆಟ್ ಸತ್ತರೆ ಮನೆ-ಹೊಲ ಎಲ್ಲ ದೂರದ ದಾಯಾದಿ ಕಾಲಿನ್ಸನಿಗೆ ಎಂದೆ.

“ಮತ್ತ ಆ ಮನಶ್ಯಾ ಏನ ಮಾಡಾಕತ್ತಾನ?”

“ಪುಸ್ತಕ ಓದ್ತಾನ.”

“ಐದ ಹೆಣ್ಣ ಬಾಗಲದಾಗ ನಿಂತಾವ, ಅಂವಾ ಪುಸ್ತಕಾ ಓದ್ತಾನ, ಆಕಿ ಒದರ್ಯಾಡಿದ್ರ ನಿಮಗ ನಗಿ ಬರತೈತಿ” ಎಂದು ನನ್ನನ್ನೂ, ಪಾಠ ಹೇಳಿದವರನ್ನೂ, ಬೆನೆಟನನ್ನೂ ಒಂದೇ ಸಾಲಿನಲ್ಲಿ ಕೂಡಿಸಿದಳು.

ಕಿತ್ತೂರಿನ ನೆರೆಯವಳಿಗೆ ಅದು ಹೊಳೆಯದೆ ಹೇಗಿದ್ದೀತು? ಆ ಇಂಗ್ಲಿಷ್ ಕಾದಂಬರಿ ಅಚ್ಚಾದದ್ದು 1813ರಲ್ಲಿ. ಹನ್ನೊಂದೇ ವರ್ಷಕ್ಕೆ ಇಲ್ಲಿ, ಕೂಗಿದರೆ ಕೇಳಿಸುವ ದೂರದಲ್ಲಿ, ಅದೇ ಇಂಗ್ಲಿಷರು ಅದೇ ತಕರಾರು ತೆಗೆದು ಬಂದರು: ವಾರಸದಾರ ಇಲ್ಲ, ಸಂಸ್ಥಾನ ನಮ್ಮದು. ಮಲ್ಲಸರ್ಜ ದೇಸಾಯಿ 1816ರಲ್ಲೇ ತೀರಿಹೋಗಿದ್ದ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನೂ ಹೋದ. ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆಯೇ ಬಿದ್ದ. ಡಿಸೆಂಬರಿಗೆ ಕೋಟೆ ಹೋಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಕಿತ್ತೂರು ಉತ್ಸವಕ್ಕೆ ಬರುವ ಭಾಷಣಗಳಲ್ಲಿ ಖಡ್ಗದ ಮಾತು ಬಹಳ. 1961ರಲ್ಲಿ ಬಿ.ಆರ್. ಪಂತುಲು ಮಾಡಿದ ಸಿನಿಮಾದಲ್ಲಿ ಬಿ. ಸರೋಜಾದೇವಿಯವರೂ ಕುದುರೆ ಏರಿದ್ದೇ ಜನರ ನೆನಪಿನಲ್ಲಿದೆ. ಅವ್ವನ ನೆನಪಿನಲ್ಲಿ ಇದ್ದದ್ದು ಬೇರೆ. ಶಿವಲಿಂಗರುದ್ರಸರ್ಜ ಚೆನ್ನಮ್ಮ ಹಡೆದ ಮಗ ಅಲ್ಲ, ಹಿರಿಯ ರಾಣಿ ರುದ್ರಮ್ಮನ ಮಗ. ಚೆನ್ನಮ್ಮನ ಸ್ವಂತ ಮಗ ಉಳಿಯಲಿಲ್ಲ. ಅಂದರೆ ಸವತಿಯ ಮಗನ ದತ್ತಕಕ್ಕಾಗಿ ಆಕೆ ಕುಂಪಣಿಯ ಮೇಲೆ ತಿರುಗಿ ಬಿದ್ದಳು.

ಕನ್ನಡದ ಕತೆ, ನಾಟಕ, ಸಿನಿಮಾಗಳಲ್ಲಿ ಮಲತಾಯಿಯ ಗತಿ ಎಲ್ಲರಿಗೂ ಗೊತ್ತು. ಹಾಲಿನಲ್ಲಿ ವಿಷ ಹಾಕುವುದು, ಹಿರಿಯ ಹೆಂಡತಿಯ ಮಕ್ಕಳಿಗೆ ಹಳಸಿದ ರೊಟ್ಟಿ ಹಾಕುವುದು, ಕೊನೆಗೆ ಕಾಲಿಗೆ ಬಿದ್ದು ಅಳುವುದು. ಅವರೆಲ್ಲರ ನಡುವೆ ಕುದುರೆಯ ಮೇಲೆ ಕೂತಾಕೆಯೂ ಮಲತಾಯಿಯೇ ಎಂಬುದು ನನಗೆ ಪಠ್ಯಪುಸ್ತಕ ಓದುವಾಗ ಹೊಳೆದಿರಲಿಲ್ಲ. ಬೈಲಹೊಂಗಲಕ್ಕೆ ಹೋದಾಗ ಸಮಾಧಿಯ ಮುಂದೆ ನಿಂತು ಅವ್ವ ಹೇಳಿದ ಮೇಲೆ ಹೊಳೆಯಿತು. “ಬ್ಯಾರೆದಾಕಿ ಹೊಟ್ಟೀಲೆ ಹುಟ್ಟಿದಾಂವಗ ಇಷ್ಟ ಮಾಡಿದಳು. ನೀ ನೋಡಿದ್ರ ನಾ ಹಡದೇನಂತ ಸೆರಗ ಹಾಸು ಅಂತಿ.”

ಮ್ಯಾಕ್ಸಿಂ ಗೋರ್ಕಿಯ ‘ತಾಯಿ’ಯನ್ನು ನಿರಂಜನರು ಕನ್ನಡಕ್ಕೆ ತಂದದ್ದನ್ನು ಓದಿದ್ದು ಒಂದು ಮಳೆಗಾಲ. ಕುಡುಕ ಗಂಡನ ಏಟು ತಿಂದು ಬದುಕಿದ ಪೆಲಗೇಯಾ ನಿಲೋವ್ನಾ ಮಗನ ಹಿಂದೆ ಹೋಗುತ್ತಾ ಹೋಗುತ್ತಾ ತಾನೇ ಕ್ರಾಂತಿಯ ಕೆಲಸ ಹಿಡಿಯುತ್ತಾಳೆ. ಕಾರ್ಖಾನೆಯೊಳಗೆ ಊಟ ಮಾರುವ ನೆವದಲ್ಲಿ ಕರಪತ್ರ ಒಯ್ಯುವ ಸನ್ನಿವೇಶ ಅವ್ವನಿಗೆ ಬಹಳ ಹಿಡಿಸಿತು. ಆ ಭಾಗವನ್ನು ಮೂರು ಸಲ ಓದಿಸಿದಳು, ಮೂರನೆಯ ಸಲ ತಾನೇ ಮುಂಚಿತವಾಗಿ ಹೇಳಿದಳು. ಕ್ರಾಂತಿಯ ಬಗ್ಗೆ ಆಕೆ ಹೆಚ್ಚು ಕೇಳಲಿಲ್ಲ. ನಿಲೋವ್ನಾ ಆ ವಯಸ್ಸಿನಲ್ಲಿ ಓದಲು ಕಲಿಯುತ್ತಾಳೆ ಎಂಬಲ್ಲಿ ನಾನು ಪುಸ್ತಕ ಮಡಚಿ, ಪಾಟಿ ತರಲೇ ಎಂದೆ.

“ಬ್ಯಾಡ.”

“ಯಾಕ? ರಶಿಯಾದಾಕಿ ಕಲತಳಲ್ಲ.”

“ಆಕಿ ಮಗಾ ಜೇಲಿಗೆ ಹೋಗಾಂವ ಇದ್ದ, ಅದಕ್ಕ ಕಲತಳು. ನಾ ಕಲತ್ರ ನೀ ಸಂಜೀಕ ಇಲ್ಲಿ ಬಂದ ಯಾಕ ಕುಂದರತಿ?”

ನಾನು ಪುಸ್ತಕ ತೆರೆದು ಮುಂದೆ ಓದಿದೆ. ಒಂದೆರಡು ವರ್ಷದಲ್ಲಿ ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕಿತು, ಓದು ರವಿವಾರಕ್ಕೆ ಇಳಿಯಿತು, ಆಮೇಲೆ ಹಬ್ಬಕ್ಕೆ.

ಹಬ್ಬಕ್ಕೆ ಓದಿದ ಪುಸ್ತಕಗಳಲ್ಲಿ ದೇವನೂರ ಮಹಾದೇವರ ‘ಒಡಲಾಳ’ ಒಂದು. ಆ ಮೈಸೂರು ಸೀಮೆಯ ಕನ್ನಡ ನನ್ನ ನಾಲಿಗೆಗೆ ತಿರುಗುತ್ತಿರಲಿಲ್ಲ. ನಾನು ತಡವರಿಸಿದ ಕಡೆಯಲ್ಲೆಲ್ಲ ಅವ್ವನಿಗೆ ಸರಾಗ ತಿಳಿಯುತ್ತಿತ್ತು. ಕಳೆದ ಹುಂಜವನ್ನು ಹುಡುಕುತ್ತಾ ಸಾಕವ್ವ ಹೊರಟಳೆಂದರೆ ಅವ್ವ ಆಕೆಯ ಜೊತೆಗೇ ಹೊರಟಳು. ನಮ್ಮ ಮನೆಯಲ್ಲಿ ಕೋಳಿ ಸಾಕಿದ್ದಿಲ್ಲ. ಆದರೂ ಕಳೆದ ಕೋಳಿ ಹುಡುಕುವ ವಿದ್ಯೆ ಹೇಗೋ ಇತ್ತು: ಬಾಯಿ ಮಾಡಬಾರದು, ಸುಮ್ಮನೆ ತಿಪ್ಪೆ ತಿಪ್ಪೆ ತಿರುಗಿ ಪುಚ್ಚ ನೋಡಬೇಕು. ಕದ್ದು ತಂದ ಶೇಂಗಾವನ್ನು ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ರಾತ್ರಿಯಿಡೀ ತಿಂದು ಸಿಪ್ಪೆಯನ್ನು ಬೆಂಕಿಗೆ ಹಾಕುವಲ್ಲಿ ಅವ್ವ ಕೇಳದೆ ಬಿಡಲಿಲ್ಲ: “ಸಾಕವ್ವ ಉಂಡಳೇನ?” ತಿಂದಳು ಎಂದೆ. “ಹಾಂ” ಎಂದು ಕಾಲು ಚಾಚಿದಳು. ಅಷ್ಟು ಪುಸ್ತಕಗಳಲ್ಲಿ ಆಕೆಗೆ ಸಮಾಧಾನವಾದ ಊಟ ಅದೊಂದೇ ಇರಬೇಕು.

ದೇವರ ಕತೆಗಳಿಗೂ ಇದೇ ನ್ಯಾಯ. ಗೋವಿನ ಹಾಡಿಗೆ ಅಳದ ಕನ್ನಡಿಗ ಇಲ್ಲ ಎನ್ನುತ್ತಾರೆ. ಎಮ್ಮೆ ಕಾಯ್ದವಳು ಕೇಳಿದ್ದು, “ಸಂಜೀಕ ದನಾ ಎಣಿಸಲಿಲ್ಲೇನ ಆ ಕಾಳಿಂಗ?” ಸವದತ್ತಿಯ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋಗಿ ಉಧೋ ಎಂದು ಬಂದ ಮೇಲೆ, ಯಲ್ಲಮ್ಮನ ಕತೆಯನ್ನು ಮೊಮ್ಮಗಳಿಗೆ ಹೇಳುವುದು ಬಿತ್ತು. ಅಪ್ಪ ಹೇಳಿದನೆಂದು ಪರಶುರಾಮ ತಾಯಿಯ ತಲೆ ಹೊಡೆದ, ಆಮೇಲೆ ಅದೇ ಅಪ್ಪನಿಂದ ವರ ಬೇಡಿ ಆಕೆಯನ್ನು ಎಬ್ಬಿಸಿದ. ಮೊಮ್ಮಗಳು ಎಷ್ಟೆಂದರೂ ಈ ಕಾಲದ ಹುಡುಗಿ. “ಎದ್ದ ಮ್ಯಾಲೆ ಆಕಿ ಮಗನ ಕೂಡ ಮಾತಾಡಿದಳೇನ ಅಜ್ಜಿ?” ಎಂದು ಕೇಳಿದಳು. ಅವ್ವ ನನ್ನ ಕಡೆ ನೋಡಿದಳು. ನಾನು ಅಂಗಿಯ ಗುಂಡಿ ನೋಡಿಕೊಂಡೆ. “ಗುಡ್ಡದಾಗ ಅವನ ಗುಡಿ ಬ್ಯಾರೇನ ಐತಿ ನೋಡವಾ” ಎಂದಳು ಅವ್ವ, ಜಾಣತನದಿಂದ.

ಆ ಮೊಮ್ಮಗಳೇ ಬೇಸಿಗೆ ಸೂಟಿಗೆ ಬಂದಾಗ ಹ್ಯಾರಿ ಪಾಟರನ ಕತೆ ಹೇಳುತ್ತಿದ್ದಳು. ಏಳು ಮಕ್ಕಳ ತಾಯಿ ಮಾಲಿ ವೀಸ್ಲಿ. ಬಡತನ, ಕೈಯಿಂದ ಹೆಣೆದ ಸ್ವೆಟರು, ದೊಡ್ಡ ಬಾಯಿ, ಬೈಯಬೇಕೆನಿಸಿದರೆ ಕಿರುಚುವ ಕಾಗದ ಬರೆದು ಶಾಲೆಗೇ ಕಳಿಸುವವಳು. ಅವ್ವನಿಗೆ ಆ ಕಾಗದದ ಉಪಾಯ ಇಷ್ಟವಾಯಿತು. ಆಕೆಯ ಮನೆಯ ಗಡಿಯಾರ ಹೊತ್ತು ತೋರಿಸುವುದಿಲ್ಲ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಮುಳ್ಳು, ಯಾರು ಮನೆಯಲ್ಲಿದ್ದಾರೆ, ಯಾರು ದಾರಿಯಲ್ಲಿದ್ದಾರೆ, ಯಾರಿಗೆ ಗಂಡಾಂತರ ಎಂದು ತೋರಿಸುತ್ತದೆ ಎಂದು ಮೊಮ್ಮಗಳು ಕೈ ಆಡಿಸಿ ವಿವರಿಸಿದಳು. “ನಿನಗೊಂದ ತರಲೇನ ಅಜ್ಜಿ?”

“ಬ್ಯಾಡವಾ. ನಿಮ್ಮಪ್ಪ ಎಲ್ಲಿ ಅದಾನಂತ ನನಗ ಗೊತ್ತೈತಿ. ಹುಬ್ಬಳ್ಯಾಗ ಅದಾನ.”

ಒಂದು ಸಂಗತಿ ಹೇಳುವುದು ಉಳಿಯಿತು. ಇಷ್ಟೆಲ್ಲ ಓದಿದವನು ಬರೆಯದೆ ಇರಲಿಲ್ಲ. ನೌಕರಿ ಹಿಡಿದ ಹೊಸತರಲ್ಲಿ, ಹುಬ್ಬಳ್ಳಿಯ ಬಾಡಿಗೆಯ ಖೋಲಿಯಲ್ಲಿ ಕೂತು ಅವ್ವನ ಮೇಲೆಯೇ ಒಂದು ಕತೆ ಬರೆದೆ. ಹಳ್ಳಿ, ಒಲೆ, ಹೊಗೆ, ಸಣಕಲು ತಾಯಿ, ಸಣ್ಣ ಕೆಮ್ಮು. ದೀಪಾವಳಿಗೆ ಊರಿಗೆ ಹೋದಾಗ ಯಾರು ಬರೆದದ್ದೆಂದು ಹೇಳದೆ ಓದಿದೆ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಪೂರ್ತಿ ಕೇಳಿದಳು.

“ಪಾಪ, ಭಾಳ ಛಲೋ ಹೆಣಮಗಳು. ಯಾ ಊರಾಕಿ?”

ಇದೇ ಕಡೆಯವಳು ಎಂದೆ.

“ಇಷ್ಟ ಅಳತಾಳ, ಒಬ್ಬರ ಕೂಡನೂ ಜಗಳಾ ತಗಿಯಂಗಿಲ್ಲ. ಬರದಾಂವಗ ಹೇಳು, ಒಂದ ಜಗಳಾ ಹಾಕು. ಆಮ್ಯಾಲೆ...”

“ಒಂದ ಎಮ್ಮಿ.”

“ಹೂಂ.”

ಎರಡನ್ನೂ ಹಾಕಿದೆ. ಕೆಮ್ಮು ತೆಗೆದೆ. ಜಗಳವನ್ನು ಎರಡು ಪುಟ ಮಾಡಿದೆ. ಅವ್ವನೇ ಸಾಲು ಸಾಲು ಹೇಳಿಕೊಟ್ಟಳು, ಅಚ್ಚು ಹಾಕಲು ಬರುವಂಥದ್ದನ್ನು ಮಾತ್ರ ಇಟ್ಟುಕೊಂಡೆ. ಎಮ್ಮೆ ಈಯುವಲ್ಲಿ ಕತೆ ಮುಗಿಯುತ್ತಿತ್ತು. ಒಂದು ಮಾಸಿಕಕ್ಕೆ ಕಳಿಸಿದೆ. ಕೆಲವು ವಾರಕ್ಕೆ ಅದು ವಾಪಸು ಬಂತು, ಜೊತೆಗೆ ಒಂದು ಚೀಟಿ: ತಾಯಿಯ ಪಾತ್ರದಲ್ಲಿ ತಾಯ್ತನ ಸಾಲದು, ಎಮ್ಮೆಯ ಪ್ರಸಂಗ ಅನಗತ್ಯ. ಓದಿ ಹೇಳಿದೆ. ಅವ್ವ ಸಂಪಾದಕರ ಬಗ್ಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದರಲ್ಲಿ ಮೂರು ತಲೆಮಾರೂ ಬಂದಿದ್ದವು. ಆಮೇಲೆ ಕಾಗದಗಳನ್ನು ಕೈಗೆ ತೆಗೆದುಕೊಂಡು ತಿರುವಿ ಹಾಕಿ, ಹಿಂಬದಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಪೆನ್ನು ತಾ ಎಂದಳು. ಆ ತಿಂಗಳ ಹಾಲಿನ ಲೆಕ್ಕ ಬರೆಸುವುದಿತ್ತು. ಮೊದಲ ಹೆಸರು ಪಕ್ಕದ ಮನೆಯ ಗಂಗವ್ವನದು: ದಿನಕ್ಕೆ ಅರ್ಧ ಲೀಟರು, ಎರಡು ದಿನ ನಾಗಾ.